ಓಣಿಗೊಂದು ಕೈಮಾತು

ಮದುವೆ ಊಟದ ಎರಡನೆಯ ಪಂಕ್ತಿಯಲ್ಲಿ ಫಕೀರೇಶನ ಕನ್ನಡಕ ಬೀಗರ ಕಡೆಯ ಹಿರಿಯರೊಬ್ಬರಿಗೆ ಕೊಲೆ ಬೆದರಿಕೆ ಹಾಕಿತು.

ಹಿರಿಯರು ತಾವೇ ಸೌಟು ಹಿಡಿದು ಗೋಧಿ ಹುಗ್ಗಿ ಬಡಿಸುತ್ತ ಬಂದಿದ್ದರು. ಆಗಲೇ ಹೊಟ್ಟೆ ಬಿರಿಯುವಷ್ಟು ಉಂಡಿದ್ದ ಫಕೀರೇಶ ಅಂಗೈಯನ್ನು ಮಟ್ಟಸವಾಗಿ ಹಿಡಿದು ಕುತ್ತಿಗೆಯ ಮುಂದೆ ಅಡ್ಡ ಎಳೆದು ತೋರಿಸಿದ. ಹುಬ್ಬಳ್ಳಿಯ ಹಳೆಯ ಕಿವುಡರ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಅದರ ಅರ್ಥ ಹೇಳುತ್ತಾರೆ: ಇಲ್ಲಿಯವರೆಗೆ ತುಂಬಿದೆ, ಇನ್ನು ಸಾಕು. ಹಾಸ್ಟೆಲಿನ ಊಟದ ಮನೆಯಲ್ಲಿ ಹುಟ್ಟಿದ ಸನ್ನೆ ಅದು. ಹಿಂದಿನ ದಿನದವರೆಗೂ ಕನ್ನಡಕ ಅದನ್ನು ಕಂಡಾಗಲೆಲ್ಲ "ಸಾಕು, ಧನ್ಯವಾದ" ಎನ್ನುತ್ತಿತ್ತು. ಅವತ್ತು ಮಾತ್ರ ತಿದ್ದಿ ತೀಡಿದ ಕನ್ನಡದಲ್ಲಿ, ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿತು: "ನಿಮ್ಮ ಕುತ್ತಿಗೆ ಕೊಯ್ಯುತ್ತೇನೆ."

ಸೌಟು ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ನೀಲಾಂಬಿಕಾ ತುತ್ತು ನುಂಗಿ ಗಡಿಬಿಡಿಯಿಂದ, "ಇಲ್ರಿ, ಇಲ್ರಿ! ಹೊಟ್ಟಿ ತುಂಬೇತಿ ಅನ್ನಾಕತ್ತಾರ. ಕನ್ನಡಕಕ್ಕ ಏನೋ ಆಗೇತಿ" ಎಂದಳು. ಹಿರಿಯರು ಇಬ್ಬರ ಮುಖವನ್ನೂ ನೋಡಿ ನಕ್ಕರು. "ಹಂಗಂದ್ರ ಇನ್ನೊಂದು ಸೌಟು ಹಾಕೇ ಬಿಡ್ತೀನಿ" ಎಂದು ಹಾಕಿಯೂ ಬಿಟ್ಟರು.

ನಗು ಅಲ್ಲಿಗೇ ಮುಗಿಯಿತು. ಫಕೀರೇಶನ ಕಣ್ಣ ಮುಂದೆ, ಕನ್ನಡಕದ ಗಾಜಿನ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಹಿಂಸೆಯ ಬೆದರಿಕೆ ಒಡ್ಡಿದ್ದರಿಂದ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ. ಆಮೇಲೆ ಅವೂ ಮಾಯವಾಗಿ ಬರೀ ಗಾಜು ಉಳಿಯಿತು.

ಆ ಕನ್ನಡಕದ ಹೆಸರು ಕಣ್ಣುಡಿ. ಅದರ ಅಂಚಿನಲ್ಲಿದ್ದ ಎರಡು ಪುಟ್ಟ ಕ್ಯಾಮೆರಾಗಳು ಕೈಗಳ ಚಲನೆಯನ್ನು ಹಿಡಿದು ದೂರದಲ್ಲೆಲ್ಲೋ ಇದ್ದ ಕಂಪನಿಯ ಯಂತ್ರಗಳಿಗೆ ಕಳಿಸುತ್ತಿದ್ದವು. ಯಂತ್ರ ಅದಕ್ಕೆ ಅರ್ಥ ಹಚ್ಚಿ ಕಣ್ಣು ಮಿಟುಕಿಸುವುದರೊಳಗೆ ಮಾತಾಗಿ ಹಿಂದಕ್ಕೆ ಕಳಿಸುತ್ತಿತ್ತು. ಎದುರಿನವರ ಮಾತು ಗಾಜಿನ ಮೇಲೆ ಅಕ್ಷರವಾಗುತ್ತಿತ್ತು. ಕನ್ನಡಕದ ಜೊತೆಗೇ ಕಣ್ಣುಡಿ ಎಂಬ ತಾಣವೂ ಇತ್ತು. ಊರೂರಿನ ಕಿವುಡರು ಅಲ್ಲಿ ವಿಡಿಯೊ ಹಾಕುತ್ತ, ಜಗಳಾಡುತ್ತ, ಹೆಣ್ಣು ಗಂಡು ಹುಡುಕುತ್ತ, ಸತ್ತವರಿಗೆ ಅಳುತ್ತ ಬದುಕುತ್ತಿದ್ದರು. ಫಕೀರೇಶ ಅಲ್ಲಿ 'ಕೈಮಾತು ಕಟ್ಟೆ' ಎಂಬ ಬಳಗ ನಡೆಸುತ್ತಿದ್ದ. ಬೆಳಗಾವಿಯಿಂದ ಬಳ್ಳಾರಿಯವರೆಗಿನ ಮಂದಿ ಅದರಲ್ಲಿದ್ದರು. ಅವನ ಖಾತೆಯೊಂದಿಗೆ ಕಟ್ಟೆಯೂ ಮುಚ್ಚಿತು.

ಕಂಪನಿಗೆ ಬರೆದುಕೊಂಡರೆ ಉತ್ತರ ಕೂಡಲೇ ಬಂತು. ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಮತ್ತೆ ಬರೆದರೆ ಮತ್ತೆ ಅದೇ. ಅಷ್ಟು ಬೇಗ ಓದುವ ಮನುಷ್ಯರಿರುವುದು ಸಾಧ್ಯವಿಲ್ಲ ಎಂದು ನೀಲಾಂಬಿಕಾಗೆ ಹೊಳೆಯಿತು. ಕೆಲವೇ ದಿನಗಳಲ್ಲಿ ಹಳೆಯ ಶಾಲೆಯ ಇನ್ನೂ ಹಲವರ ಕನ್ನಡಕಗಳು ಕಣ್ಣು ಮುಚ್ಚಿದವು. ಕಂಪನಿ ತನ್ನ ಯಂತ್ರಕ್ಕೆ ಹೊಸದಾಗಿ ಒಂದೇ ಬಗೆಯ ಶಿಷ್ಟ ಸನ್ನೆಗಳನ್ನು ಕಲಿಸಿತ್ತು. ಹುಬ್ಬಳ್ಳಿಯ ಸನ್ನೆಗಳು ಅದರ ಪಾಲಿಗೆ ತಪ್ಪು, ಇಲ್ಲವೇ ಅಪರಾಧ.

ಮನೆಯಲ್ಲಿ ಅದರಿಂದ ತೊಂದರೆಯಿರಲಿಲ್ಲ. ನೀಲಾಂಬಿಕಾಗೆ ಕಿವಿ ಕೇಳುತ್ತಿತ್ತು, ಆದರೆ ಅವಳ ಅಪ್ಪ ಅವ್ವ ಇಬ್ಬರೂ ಕಿವುಡರು. ಬಾಯಿಂದ ಮಾತು ಬರುವ ಮೊದಲೇ ಅವಳು ಕೈಯಿಂದ ಹಾಲು ಕೇಳಿದ್ದಳು. ತೊಂದರೆಯಾದದ್ದು ಘಂಟಿಕೇರಿಯಲ್ಲಿದ್ದ ಫಕೀರೇಶನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಗಿರಾಕಿಗಳು ಕಣ್ಣುಡಿಗೆ ಒಗ್ಗಿಹೋಗಿದ್ದರು. ಹಿಂದೆ ಅವರೇ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಈಗ ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಹೀಗಾಗಿ ಅವನು ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಮನೆಗೆ ಬರತೊಡಗಿದ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ನೀಲಾಂಬಿಕಾಳ ಮುಂದೆ ಬಂದು ಕೂತು ಕೈಯಲ್ಲಿ ಹೇಳಿದ: "ಸಣ್ಣಾವಿದ್ದಾಗ ನನಗ ಮಾತಿಲ್ಲ ಅಂತ ಅನಿಸಿದ್ದಿಲ್ಲ. ಈಗ ಅನಸಾಕತ್ತೈತಿ."

ಅವಳ ಎರಡೂ ಕೈ ಹಿಟ್ಟಾಗಿದ್ದವು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ನೀಲಾಂಬಿಕಾ ರೈಲ್ವೆಯ ಟೆಲಿಫೋನ್ ವಿಭಾಗದಲ್ಲಿ ತಂತ್ರಜ್ಞೆ. ಮರುದಿನ ಗದಗ ಮಾರ್ಗದ ಒಂದು ನಿಲ್ದಾಣದ ಎಕ್ಸ್‌ಚೇಂಜ್ ಕೋಣೆಯಲ್ಲಿ ತಂತಿಗಳ ಮುಂದೆ ನಿಂತಿದ್ದಾಗ ಗಂಡನ ಮಾತು ಮತ್ತೆ ನೆನಪಾಯಿತು. ಆ ನಿಲ್ದಾಣಕ್ಕೆ ತನ್ನದೇ ಎಕ್ಸ್‌ಚೇಂಜ್ ಇತ್ತು. ಹುಬ್ಬಳ್ಳಿಯದು ಕೆಟ್ಟರೂ ಇಲ್ಲಿಯವರು ಇಲ್ಲಿಯವರೊಡನೆ ಮಾತಾಡಬಹುದು. ಹುಬ್ಬಳ್ಳಿ ಸರಿಯಿದ್ದರೆ ಎರಡೂ ಕೂಡಿ ಮಾತಾಡುತ್ತವೆ. ಕಿವುಡರೆಲ್ಲರ ಮಾತನ್ನು ಒಂದೇ ಕಂಪನಿಯ ಒಂದೇ ಎಕ್ಸ್‌ಚೇಂಜಿನಲ್ಲಿ ಯಾಕೆ ತುಂಬಬೇಕು?

ಅವಳು ನೇರವಾಗಿ ಕೊಪ್ಪಿಕರ ರಸ್ತೆಗೆ, ಝಾಕಿರ್ ಮುಲ್ಲಾನ ಹಳೆ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದಳು. ಝಾಕಿರ್ ಫಕೀರೇಶನ ಹಳೆಯ ಗೆಳೆಯ. ಅಂಗಡಿಗೆ ಬಂದವರಿಗೆಲ್ಲ ಚಹಾದ ಜೊತೆ ಮುಕ್ತ ತಂತ್ರಾಂಶದ ಉಪದೇಶ ಕೊಡುವುದು ಅವನ ಚಟ. ಇವಳು ಹೇಳಿದ್ದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ.

"ಭಾಭಿ, ಇಷ್ಟು ವರ್ಷ ನಾ ಇದನ್ನ ಬಡಕೊಂಡೆ. ಒಬ್ರೂ ಕೇಳ್ಲಿಲ್ಲ!"

"ಈಗ ಕೇಳಾಕತ್ತೀನಲ್ಲ ಝಾಕಿರಣ್ಣ. ಆಗತೈತೇನು ಹೇಳು."

"ಆಗತೈತಿ. ಪ್ರೋಗ್ರಾಮ್ ಐತಿ. ಫಿನ್ಲಂಡಿನಾಗ ಒಬ್ಬಾಕಿ, ಕೀನ್ಯಾದಾಗ ನಾಕು ಮಂದಿ, ಹಿಂಗ ದೇಶಾದೇಶದವರು ಕೂಡಿ ಬರದಾರ. ಯಾರು ಬೇಕಾದ್ರೂ ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಕನ್ನಡಕಕ್ಕ ಕಂಪನಿ ಹಾಕಿದ ಬೀಗಾನೂ ತಗೀತೀನಿ. ಖರೇ, ಅದಕ್ಕ ನಮ್ಮ ಸನ್ನಿ ಒಂದೂ ಬರಂಗಿಲ್ಲ. ಕೂಸಿಗೆ ಕಲಿಸಿಧಂಗ ಕಲಸಬೇಕು."

ಫಕೀರೇಶನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಣ್ಣದ ಡಬ್ಬಿಗಳ ನಡುವೆ, ಮೂರು ಹಳೆಯ ಕಂಪ್ಯೂಟರುಗಳು ಗುಂಯ್‌ಗುಡತೊಡಗಿದವು. ಹೆಸರು ಇಟ್ಟವನು ಫಕೀರೇಶ: ಓಣಿ. ನಮ್ಮ ಓಣಿಯಲ್ಲಿ ನಮ್ಮ ಮಾತು, ಪಕ್ಕದ ಓಣಿಗೆ ಹೋಗಲು ದಾರಿ. ಭಾನುವಾರ ಬಂತೆಂದರೆ ಹಳೆಯ ಶಾಲೆಯವರು ಮಕ್ಕಳು ಮರಿ ಸಮೇತ ಬರುತ್ತಿದ್ದರು. ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಕೂತು 'ಸಾಕು' ಎನ್ನುತ್ತಿದ್ದರು, 'ಬೇಕು' ಎನ್ನುತ್ತಿದ್ದರು, 'ಅತ್ತಿ', 'ಗಿರಮಿಟ್', 'ಕರೆಂಟ್ ಹೋಗೇತಿ' ಎನ್ನುತ್ತಿದ್ದರು. ಒಬ್ಬರ 'ಸಾಕು' ಕುತ್ತಿಗೆಗೆ ಬಂದರೆ ಇನ್ನೊಬ್ಬರದು ಗದ್ದಕ್ಕೇ ಬರುತ್ತಿತ್ತು. ಯಂತ್ರ ಎಲ್ಲವನ್ನೂ ನೋಡಿ ನೋಡಿ ಇವೆಲ್ಲ ಒಂದೇ ಎಂದು ತಾನೇ ಕಲಿಯಬೇಕಿತ್ತು. ಮೊದಮೊದಲು ಅದು ಹೇಳಿದ್ದೆಲ್ಲ ಅಡ್ಡಾದಿಡ್ಡಿ. ಫಕೀರೇಶ ಗಿರಾಕಿಯೊಬ್ಬರಿಗೆ ಲಗ್ನಪತ್ರ ಸೋಮವಾರ ಕೊಡುತ್ತೇನೆ ಎಂದರೆ ಕನ್ನಡಕ "ಲಗ್ನ ಸೋಮವಾರ ಆಗ್ತೀನಿ" ಎಂದಿತು. ಆದರೆ ಅದು ಹುಬ್ಬಳ್ಳಿಯ ಕನ್ನಡದಲ್ಲಿ ಹೇಳಿತ್ತು. ಅಂಗಡಿ ತುಂಬ ನಕ್ಕರು. ಫಕೀರೇಶ ಒಳಗೆ ಹೋಗಿ ಯಂತ್ರದ ಮುಂದೆ ಅದನ್ನು ತಿದ್ದಿ ಬಂದ. ಮರುದಿನ ಅದು ಸರಿಯಾಗಿ ಹೇಳಿತು.

ಸುದ್ದಿ ಗದಗಿಗೆ ಹೋಯಿತು. ಅಲ್ಲಿ ದ್ಯಾಮವ್ವ ಎಂಬ ಕಿವುಡ ಟೇಲರ್ ತನ್ನ ಹೊಲಿಗೆ ಮಷೀನಿನ ಪಕ್ಕದಲ್ಲೇ ಒಂದು ಕಂಪ್ಯೂಟರ್ ಇಟ್ಟು ಗದಗ ಓಣಿ ತೆರೆದಳು. ಎರಡು ಓಣಿಗಳ ನಡುವೆ ದಾರಿ ಬಿದ್ದ ದಿನ ಫಕೀರೇಶ ಅಂಗಡಿಯಲ್ಲಿ ಪೇಢೆ ಹಂಚಿದ. ಅದರ ಬೆನ್ನಿಗೇ ಗಂಡ ಹೆಂಡಿರ ಜಗಳವೂ ಶುರುವಾಯಿತು.

ಗದಗಿನ ಕಿವುಡರ ಸನ್ನೆಗಳು ಕೆಲವು ಬೇರೆ. ಅವರ 'ನಾಳೆ' ಇವರ 'ನೀರು'. ಒಂದೇ ಕೈ, ಎರಡು ಅರ್ಥ. ಯಂತ್ರ ಗೊಂದಲಗೊಂಡು, ಇದು ಯಾವ ಓಣಿಯ ಮಾತು ಎಂದು ಮತ್ತೆ ಮತ್ತೆ ಕೇಳತೊಡಗಿತು. ಉತ್ತರ ಬರುವುದು ತಡವಾಗುತ್ತಿತ್ತು.

"ಎಲ್ಲಾರೂ ಕೂಡಿ ಒಂದು ಸನ್ನಿಗೆ ಒಂದ ಅರ್ಥ ಅಂತ ಗೊತ್ತು ಮಾಡೂಣ್ರಿ" ಎಂದಳು ನೀಲಾಂಬಿಕಾ. "ಯಾವುದು ಹೆಚ್ಚು ಮಂದಿ ಮಾಡ್ತಾರೋ ಅದನ್ನ ಇಟಗೊಳ್ಳೂದು. ಮಷೀನಿಗೂ ಹಗುರ, ಮಂದಿಗೂ ಹಗುರ."

ಫಕೀರೇಶನ ಸನ್ನೆಗಳು ಸಿಟ್ಟಿನಿಂದ ದೊಡ್ಡವಾದವು. "ಹೆಚ್ಚು ಮಂದಿ ಅಂದ್ರ ಹುಬ್ಬಳ್ಳಿ. ಗದಗಿನವರ ಮಾತು ತಗದು ಒಗೀತೀ ಹಂಗಾರ? ಕಂಪನಿ ನನಗ ಮಾಡಿದ್ದು ಏನು?"

"ನಾ ಕಂಪನಿಯೇನ್ರಿ? ದಿನಾ ಡ್ಯೂಟಿ ಮುಗಿಸಿ ಬಂದು ನಿಮ್ಮ ಮಷೀನ್ ಮುಂದ ಕುಂಡ್ರಾಕಿ ನಾನು. ಅದು ತಡವರಸಿದ್ರ ಮಂದಿ ಬಿಟ್ಟು ಹೊಕ್ಕಾರ."

"ಹೋಗ್ಲಿ. ದ್ಯಾಮವ್ವನ ಮಾತು ದ್ಯಾಮವ್ವನ ಓಣ್ಯಾಗ ಇರಲಿ."

ಎರಡು ದಿನ ಮನೆಯಲ್ಲಿ ಕೈಗಳು ಸುಮ್ಮನಿದ್ದವು. ಕೊನೆಗೆ ನೀಲಾಂಬಿಕಾ ಒಪ್ಪಿದಳು, ಮನಸ್ಸಿಲ್ಲದ ಮನಸ್ಸಿನಿಂದ. ಓಣಿಗೊಂದು ಕೈಮಾತು ಉಳಿಯಲಿ. ಸಂಶಯ ಬಂದಾಗ ಯಂತ್ರ ಎರಡೂ ಅರ್ಥ ಹೇಳಲಿ. ಝಾಕಿರ್ ಹಾಗೇ ತಿದ್ದಿದ.

ಮಂದಿ ಬಿಟ್ಟುಹೋಗುತ್ತಾರೆ ಎಂದು ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಮುಂಗಾರಿನ ಹೊತ್ತಿಗೆ, ಹೋದಷ್ಟೇ ಹಠಾತ್ತಾಗಿ ಫಕೀರೇಶನ ಕಣ್ಣುಡಿ ಖಾತೆ ಹಿಂದಕ್ಕೆ ಬಂತು. ಕಾರಣವಿಲ್ಲ, ಕ್ಷಮೆಯಿಲ್ಲ. ಎಲ್ಲರ ಕನ್ನಡಕಗಳಲ್ಲೂ ಕಣ್ಣುಡಿ ಮತ್ತೆ ಮಾತಾಡಿತು. ಶಿಷ್ಟ ಸನ್ನೆ ಕಲಿತರೆ ಕಣ್ಣುಡಿ ಓಣಿಗಿಂತ ಬಲು ಚುರುಕು, ಮೇಲಾಗಿ ಬ್ಯಾಂಕು, ಆಸ್ಪತ್ರೆ ಎಲ್ಲೆಡೆ ಇದ್ದದ್ದು ಅದೇ. ಭಾನುವಾರದ ಗುಂಪು ಕರಗಿತು. ಫಕೀರೇಶ ತನ್ನ ಹಳೆಯ ವಿಡಿಯೊಗಳನ್ನೆಲ್ಲ ಓಣಿಗೆ ಸಾಗಿಸಿಕೊಂಡು ಖಾತೆಯನ್ನು ತಾನೇ ಮುಚ್ಚಿದ. "ಒಮ್ಮೆ ಕಸಗೊಂಡವ್ರು ಇನ್ನೊಮ್ಮೆ ಕಸಗೋತಾರ" ಎಂದ. ನೀಲಾಂಬಿಕಾ ಡ್ಯೂಟಿ ಮುಗಿಸಿ ಬಂದು ಎಂದಿನಂತೆ ಯಂತ್ರದ ಮುಂದೆ ಕೂರುತ್ತಿದ್ದಳು. ಖಾಲಿ ಕುರ್ಚಿಗಳ ಮುಂದೆ ಯಂತ್ರ ಗುಂಯ್‌ಗುಡುವುದನ್ನು ನೋಡಿದಾಗ ಮಾತ್ರ ಇದೆಲ್ಲ ಎಷ್ಟು ದಿನದ ಆಟವೋ ಅನ್ನಿಸುತ್ತಿತ್ತು.

ಶ್ರಾವಣದ ಒಂದು ಮುಂಜಾನೆ, ಕೈಮಾತು ಬಲ್ಲವಳೆಂದು, ಆಸ್ಪತ್ರೆಯಿಂದ ಅವಳಿಗೆ ಫೋನು ಬಂತು. ಇಂದುಮತಿ ಬಾಯಿಯವರು ಮನೆಯಲ್ಲಿ ಜಾರಿ ಬಿದ್ದಿದ್ದರು. ಅವರು ಹಳೆಯ ಶಾಲೆಯ ಹೊಲಿಗೆ ಟೀಚರು, ಮಕ್ಕಳೆಲ್ಲರ ಪಾಲಿಗೆ 'ಬಾಯಿ', ಸ್ವತಃ ಕಿವುಡರು. ಫಕೀರೇಶನಂಥ ಎಷ್ಟೋ ಮಂದಿಗೆ ಕೈಮಾತು ತಿದ್ದಿ ಕಲಿಸಿದವರು. ಎಂಬತ್ತು ದಾಟಿತ್ತು. ಕೈ ಇರುವವರಿಗೆ ಕನ್ನಡಕವೇಕೆ ಎಂದು ಕಣ್ಣುಡಿಯನ್ನೂ ಓಣಿಯನ್ನೂ ಮುಟ್ಟಿರಲಿಲ್ಲ.

ನೀಲಾಂಬಿಕಾ ಹೋದಾಗ ಬಾಯಿಯವರು ಮುರಿದ ತೊಡೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಮಧ್ಯಾಹ್ನ ಆಪರೇಷನ್ ಎಂದು ನಿಗದಿಯಾಗಿತ್ತು. ಮಂಚದ ಪಕ್ಕದಲ್ಲಿ ಕಂಬಕ್ಕೆ ಸಿಕ್ಕಿಸಿದ ಕಣ್ಣುಡಿಯ ಪರದೆ ಅವರ ಕೈಗಳನ್ನೇ ನೋಡುತ್ತ, "ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಸನ್ನೆ ಮಾಡಿ" ಎನ್ನುತ್ತಿತ್ತು. ನರ್ಸ್ ಸುಲೋಚನಾ ಇವಳನ್ನು ಕಂಡು ಹಗುರಾದರು.

"ಛಲೋ ಆತು ಬಂದ್ರಿ. ಮುಂಜಾನಿಂದ ಏನೋ ಹೇಳಾಕತ್ತಾರ. ಈ ಪರದೆಗೂ ತಿಳಿವಲ್ದು, ನಮಗೂ ತಿಳಿವಲ್ದು."

ಬಾಯಿಯವರು ಹೆಬ್ಬೆರಳನ್ನೂ ಎರಡು ಬೆರಳನ್ನೂ ಕೂಡಿಸಿ ಗಂಟಲ ಗುಳಿಯ ಹತ್ತಿರ ಏನನ್ನೋ ಹಿಡಿದಂತೆ ಮತ್ತೆ ಮತ್ತೆ ಮಾಡುತ್ತಿದ್ದರು. ನೀಲಾಂಬಿಕಾಗೆ ಯೋಚಿಸಬೇಕಾಗಲಿಲ್ಲ. ಕೊರಳ ತಾಳಿ ಹಿಡಿದು ತೋರಿಸುವ ಸನ್ನೆ. ತಾನೂ ಹುಟ್ಟಿದಾಗಿನಿಂದ ಮಾಡಿದ್ದು.

"ಅವ್ವ, ಅವ್ವ ಅನ್ನಾಕತ್ತಾರ್ರಿ" ಎಂದಳು. "ತಮ್ಮ ಅವ್ವನ್ನ ಕರ್ಯಾಕತ್ತಾರ."

"ಪಾಪ. ನೋವಿಗೆ ಎಲ್ಲಾರೂ ಹಂಗ ಕರೀತಾರ್ರಿ" ಎಂದು ಸುಲೋಚನಾ ನೋವಿನ ಸೂಜಿಯ ತಯಾರಿಗೆ ತಿರುಗಿದರು.

ಬಾಯಿಯವರು ನೀಲಾಂಬಿಕಾಳ ಮೊಣಕೈ ಹಿಡಿದು ಜಗ್ಗಿದರು. ಅವರ ಮುಖದಲ್ಲಿ ಸಿಟ್ಟಿತ್ತು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರನ್ನು ನೋಡುವ ಸಿಟ್ಟು. ಮತ್ತೆ ಅದೇ ಸನ್ನೆ. ತಾನು ಹೇಳಿದ್ದು ಸರಿಯಲ್ಲ ಎಂದು ನೀಲಾಂಬಿಕಾಗೆ ಆಗ ಅನ್ನಿಸಿತು. ಆದರೆ ಬೇರೆ ಅರ್ಥ ಅವಳ ಹತ್ತಿರ ಇರಲಿಲ್ಲ. ಚೀಲದಿಂದ ಫೋನ್ ತೆಗೆದು ಓಣಿ ತೆರೆದು ಬಾಯಿಯವರ ಕೈಗಳ ಮುಂದೆ ಹಿಡಿದಳು.

ಯಂತ್ರ ಎಂದಿನಂತೆ ತಡವರಿಸಿತು. ಆಮೇಲೆ ಅದು ಹೇಳಿತು: "ಹುಬ್ಬಳ್ಳಿ ಓಣ್ಯಾಗ ಇದು ಅವ್ವ. ಗದಗ ಓಣ್ಯಾಗ ಇದು ಉಸರು ಕಟ್ಟಾಕತ್ತೈತಿ. ಯಾವುದು?"

"ಸಿಸ್ಟರ್!" ಎಂದು ನೀಲಾಂಬಿಕಾ ಕೂಗಿದಳು. "ಇವರು ಹುಟ್ಟಿದ್ದು ಎಲ್ಲಿ? ಫಾರ್ಮಿನಾಗ ನೋಡ್ರಿ!"

"ಗದಗ ಅಂತ ಐತ್ರಿ. ಯಾಕ?"

ಅರವತ್ತು ವರ್ಷ ಹುಬ್ಬಳ್ಳಿಯಲ್ಲಿ ಹುಬ್ಬಳ್ಳಿಯವರ ಹಾಗೇ ಕೈಯಾಡಿಸಿದ್ದ ಬಾಯಿಯವರು ಜೀವಕ್ಕೆ ಬಂದಾಗ ತಮ್ಮ ಕೂಸುತನದ ಮಾತಿಗೆ ಹೋಗಿಬಿಟ್ಟಿದ್ದರು. ನೀಲಾಂಬಿಕಾ ಅವರ ಎದುರು ಬಾಗಿ, ತನ್ನ ಎದೆಯ ಮೇಲೆ ಕೈಯಿಟ್ಟು ಉಸಿರು ಎಳೆದು ತೋರಿಸಿ, ಇದೇ ಏನು ಎಂದು ಹುಬ್ಬು ಏರಿಸಿದಳು. ಬಾಯಿಯವರು ಕಣ್ಣು ಮುಚ್ಚಿ ಹೌದೆಂದು ಜೋರಾಗಿ ತಲೆಯಾಡಿಸಿದರು.

ಸುಲೋಚನಾ ಸೂಜಿ ಕೆಳಗಿಟ್ಟು ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದರು. ಅಂಕಿ ತೀರ ಕೆಳಗಿತ್ತು. ಡಾಕ್ಟರು ಓಡಿ ಬಂದರು, ಹಿಂದೆಯೇ ಸ್ಕ್ಯಾನಿನ ಗಾಡಿಯೂ ಬಂತು. ಮುರಿದ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೇಲೇರಿ ಪುಪ್ಪುಸದಲ್ಲಿ ಸಿಕ್ಕಿಕೊಂಡಿತ್ತು. ಆಪರೇಷನ್ ಮುಂದೆ ಹೋಯಿತು, ರಕ್ತ ತಿಳಿಯಾಗಿಸುವ ಔಷಧ ಶುರುವಾಯಿತು.

"ಹಂಗ ಟೇಬಲ್ಲಿಗೆ ತಗೊಂಡಿದ್ರ ಕಷ್ಟ ಆಗ್ತಿತ್ತು" ಎಂದರು ಡಾಕ್ಟರು ಹೊರಗೆ ಬಂದು. "ನಿಮಗ ಹೆಂಗ ಗೊತ್ತಾತು?"

"ನನಗ ಗೊತ್ತಾಗಲಿಲ್ರಿ. ನಾ ತಪ್ಪ ಹೇಳಿದ್ದೆ" ಎಂದಳು ನೀಲಾಂಬಿಕಾ. "ಗದಗಿನಾಗ ಯಾರೋ ಈ ಮಾತು ಕಲಿಸಿಟ್ಟಿದ್ರು."

ಮನೆಗೆ ಬಂದು ಫಕೀರೇಶನಿಗೆ ಎಲ್ಲ ಹೇಳಿದಳು. "ನನ್ನ ಮಾತು ನಡದಿದ್ರ ಆ ಅರ್ಥ ಅಳಿಸಿ ಹೋಗಿರ್ತಿತ್ತು ನೋಡ್ರಿ. ಗದಗಿನ ಮಂದಿ ಕಡಿಮಿ ಅಂತ."

ಫಕೀರೇಶ ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಕೈ ಹಿಡಿದರೆ ಮಾತು ನಿಲ್ಲುತ್ತದೆ. ಬಿಟ್ಟ ಮೇಲೆ ಅವನು ಮೊದಲು ಹೇಳಿದ್ದು: "ದ್ಯಾಮವ್ವಗ ಹೇಳಬೇಕು." ಹೇಳಿದರು. ಆ ಸನ್ನೆ ಕಲಿಸಿದ್ದು ತನ್ನ ಅತ್ತೆ, ಹೋದ ತಿಂಗಳಷ್ಟೇ ಕ್ಯಾಮೆರಾದ ಮುಂದೆ ಕೂರಿಸಿ ಮಾಡಿಸಿದ್ದು ಎಂದು ದ್ಯಾಮವ್ವ ಗದಗಿನಿಂದ ವಿಡಿಯೊ ಕಳಿಸಿದಳು. ಅತ್ತೆಯೂ ಪಕ್ಕದಲ್ಲಿ ಕೂತು ಕೈ ಮುಗಿದಿದ್ದಳು.

ಈ ಸಂಗತಿ ಸುಲೋಚನಾ ಅವರ ಬಾಯಿಂದ ವಾರ್ಡಿನಿಂದ ವಾರ್ಡಿಗೆ ಹೋಯಿತು. ಆಸ್ಪತ್ರೆ ಕಣ್ಣುಡಿಯ ಪರದೆಯನ್ನು ತೆಗೆಯಲಿಲ್ಲ. ಅದರ ಪಕ್ಕದಲ್ಲಿ ಓಣಿಗೂ ಒಂದು ಮೂಲೆ ಕೊಟ್ಟಿತು. ಭಾನುವಾರದ ಗುಂಪು ಬಿಟ್ಟುಹೋಗಿದ್ದವರಲ್ಲಿ ಕೆಲವರು ಹಿಂದಕ್ಕೆ ಬಂದರು. ಎಲ್ಲರೂ ಬರಲಿಲ್ಲ, ಆದರೆ ಕೊಪ್ಪಳದಿಂದ ಇಬ್ಬರು ಹೊಸಬರು ತಮ್ಮೂರಿಗೂ ಓಣಿ ಬೇಕೆಂದು ಝಾಕಿರನ ಅಂಗಡಿ ಹುಡುಕಿಕೊಂಡು ಬಂದಿದ್ದರು. ಕಂಪ್ಯೂಟರುಗಳ ಕೋಣೆ ಸಾಲದೆ ಫಕೀರೇಶ ಬಣ್ಣದ ಡಬ್ಬಿಗಳನ್ನು ಮುಂದಿನ ಅಂಗಡಿಗೆ ಸಾಗಿಸಿದ.

ಕಾಲಿನ ಆಪರೇಷನ್ ಆಗಿ, ದಿಂಬಿಗೊರಗಿ ಕೂರುವಷ್ಟು ಚೇತರಿಸಿಕೊಂಡ ಮೇಲೆ ಇಂದುಮತಿ ಬಾಯಿ ಗಂಡ, ಹೆಂಡತಿ, ಝಾಕಿರ್ ಮೂವರನ್ನೂ ಕರೆಸಿಕೊಂಡರು. ನಡೆದದ್ದನ್ನೆಲ್ಲ ಕೈಯಾರೆ ಹೇಳಿಸಿಕೊಂಡು, ನೀಲಾಂಬಿಕಾಳ ತಲೆಗೆ ಮೆತ್ತಗೆ ಒಂದು ಮೊಟಕಿದರು. ಆಮೇಲೆ, "ನನ್ನ ಹೆಸರೂ ಹಾಕ್ರಿ ಅದರಾಗ" ಎಂದರು.

ಫಕೀರೇಶ ಹಿಗ್ಗಿಹೋದ. ನೀಲಾಂಬಿಕಾ ಝಾಕಿರನಿಗೆ ಬಾಯಲ್ಲಿ ಹೇಳಿದಳು. ಅವನು ಲ್ಯಾಪ್‌ಟಾಪ್ ತೆಗೆದು, "ಯಾವ ಓಣಿ ಅಂತ ಕೇಳು ಭಾಭಿ. ಹುಬ್ಬಳ್ಳಿಯೋ ಗದಗೋ?" ಎಂದ.

"ಎರಡೂ" ಎಂದರು ಬಾಯಿ.

"ಹಂಗ ಆಗಂಗಿಲ್ರಿ. ಒಬ್ಬರಿಗೆ ಒಂದ ಓಣಿ. ಪ್ರೋಗ್ರಾಮ್ ಬರದದ್ದೇ ಹಂಗ."

"ಗದಗಿನಾಗ ಹುಟ್ಟೀನಿ. ಹುಬ್ಬಳ್ಯಾಗ ಬದುಕೀನಿ. ಯಾವುದು ಬಿಡ್ಲಿ?" ಬಾಯಿಯವರ ಕೈಗಳು ಇನ್ನೂ ಸೊರಗಿದ್ದವು, ಆದರೆ ಒಂದೊಂದು ಸನ್ನೆಯೂ ಕಡೆದಿಟ್ಟಂತಿತ್ತು. "ಯಾರು ಬರದಾರ ಅದನ್ನ?"

ನೀಲಾಂಬಿಕಾ ಹೇಳಿದಳು: ಫಿನ್ಲಂಡಿನ ಒಬ್ಬಾಕಿ, ಕೀನ್ಯಾದ ನಾಲ್ವರು, ಇನ್ನೂ ಯಾರ್‍ಯಾರೋ.

"ಅವರನ್ನ ಕೇಳ್ರಿ."

ಫಕೀರೇಶ ನಡುವೆ ಕೈ ಹಾಕಿದ. "ಕೇಳೂದ್ಯಾಕ? ತಿದ್ದಾಕ ನಮಗೂ ಬರತೈತಿ. ತಿದ್ದಿ ಅವರಿಗೂ ಕಳಸೂಣು. ಅಲ್ಲೂ ಇಂಥಾ ಅಜ್ಜಿಗೋಳು ಇರ್ತಾರ."

ಝಾಕಿರ್ ತಲೆ ಕೆರೆದುಕೊಂಡು, ಹಣ್ಣಿನ ತಟ್ಟೆ ಸರಿಸಿ ಮಂಚದ ಅಂಚಿನ ಮೇಜಿಗೆ ಲ್ಯಾಪ್‌ಟಾಪ್ ಇಟ್ಟ. ಪರದೆಯ ತುಂಬ ಸಾಲು ಸಾಲು ಅಕ್ಷರ. ಬಾಯಿಯವರು ಕನ್ನಡಕವಿಲ್ಲದ ಕಣ್ಣು ಕಿರಿದುಮಾಡಿ ಮುಂದಕ್ಕೆ ಬಾಗಿದರು. ಒಬ್ಬರಿಗೆ ಒಂದೇ ಎಂದು ಹೇಳುವ ಸಾಲು ಯಾವುದು ಎಂದು ಕೇಳಿದರು. ಝಾಕಿರ್ ಹುಡುಕಿ ಬೆರಳಿಟ್ಟು ತೋರಿಸಿದ. ತೀರ ಸಣ್ಣ ಸಾಲು.

ಬಾಯಿಯವರು ಅಂಗೈಯನ್ನು ಗಾಳಿಯಲ್ಲಿ ಎಡದಿಂದ ಬಲಕ್ಕೆ ಒರೆಸಿದರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಅದರ ಅರ್ಥ ಒಂದೇ. ಝಾಕಿರನಿಗೆ ಯಾರೂ ಹೇಳಬೇಕಾಗಲಿಲ್ಲ. ಸಾಲು ಅಳಿಸಿ, ಹೊಸದು ಬರೆಯತೊಡಗಿದ.